ಗುಳಿಗೆ ಒಳ್ಳೆಯದೋ, ಕರೆಂಟು ಒಳ್ಳೆಯದೋ?



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕುಷ್ಟಗಿಯಿಂದ ದೂರವಾಣಿ ಮಾಡಿದ್ದಳು. ಕುಶಲೋಪರಿ ಮುಗಿಯುತ್ತಲೇ ಅವಳ ದನಿ ಬದಲಾಯಿತು. “ಸರ, ನಮ್ಮ ಅತ್ತಿಯವರಿಗೆ ಎದಿಯಾಗ ಗಡ್ಡಿ ಆಗಿತ್ತರಿ, ಆಪರೇಷನ್ ಮಾಡ್ಯಾರ. ಈಗ ಕರೆಂಟ್ ಕೊಡಬೇಕಂತ. ಬಾಜೂ ಮನಿಯವರು ‘ನಮ್ಮಕ್ಕಗ ಬರೀ ಗುಳಿಗಿ ಕೊಟ್ಟಾರ, ಆರಾಮ ಅದಾಳ, ಕರೆಂಟ್ ಬ್ಯಾಡ’ ಅಂತಾರ. ನೀವು ಎರಡೂ ತಗೊಂಡವರು. ಯಾವುದು ಚಲೋ ಹೇಳ್ರಿ” ಎಂದಳು.

ನಾನು ಕೂಡಲೇ ಉತ್ತರಿಸಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ, ವಿಜ್ಞಾನ ಹೇಳಿದ ಮಾಸ್ತರನಿಗೆ ಪ್ರಶ್ನೆ ಕೇಳಿದ ತಕ್ಷಣ ಉತ್ತರ ಹೇಳುವುದೇ ಅಭ್ಯಾಸ. ಆದರೆ ಇದೇ ಪ್ರಶ್ನೆಗೆ ಎರಡು ವರ್ಷಗಳ ಹಿಂದೆ ಒಮ್ಮೆ ಬಹು ಸಲೀಸಾಗಿ ಉತ್ತರ ಕೊಟ್ಟಿದ್ದೆ. ಆ ಉತ್ತರದ ಭಾರ ಇನ್ನೂ ನನ್ನ ಮೇಲಿದೆ. ಅದನ್ನೇ ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ನಿಮ್ಮಲ್ಲಿ ಹಲವರಿಗೆ ತಿಳಿದಿರುವಂತೆ, 2021ರ ಕೊನೆಯಲ್ಲಿ ನನಗೆ ಗುದನಾಳದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಮೂಲವ್ಯಾಧಿಯೆಂದು ತಿಳಿದು ಆರೇಳು ತಿಂಗಳು ಮನೆಮದ್ದಿನಲ್ಲಿ ಕಳೆದದ್ದು ನನ್ನದೇ ತಪ್ಪು. ವಿಜ್ಞಾನದ ಮಾಸ್ತರನಾದವನು ರಕ್ತ ಕಂಡ ಮೇಲೂ ನಾಚಿಕೆಯಿಂದ ವೈದ್ಯರ ಬಳಿ ಹೋಗಲಿಲ್ಲ. ಆಮೇಲೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಮೊದಲು ವಿಕಿರಣ ಮತ್ತು ಗುಳಿಗೆ ಜೊತೆಜೊತೆಗೆ, ನಂತರ ಶಸ್ತ್ರಚಿಕಿತ್ಸೆ, ಅದಾದ ಮೇಲೆ ಮತ್ತೆ ಕೆಲವು ತಿಂಗಳು ಬರೀ ಗುಳಿಗೆ ಎಂದು ನಿಶ್ಚಯವಾಯಿತು. ಹೀಗೆ ನಾನು ಎರಡೂ ಕಂಡವನೆನಿಸಿಕೊಂಡೆ. ಊರಲ್ಲಿ ಯಾರಿಗೇ ಈ ರೋಗ ಬಂದರೂ ಸಲಹೆ ಕೇಳಲು ನನ್ನ ಬಳಿ ಬರುವಂತಾಯಿತು.

ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ ‘ಕರೆಂಟು’ ಎನ್ನುತ್ತಾರೆ. ಕರೆಂಟು ಎಂದಾಗ ಜನರ ಮನಸ್ಸಿಗೆ ಬರುವುದು ಹೊಲದ ಪಂಪ್‌ಸೆಟ್ಟಿನ ಆಘಾತ. ವಾಸ್ತವವಾಗಿ ಅಲ್ಲಿ ಯಾವ ಆಘಾತವೂ ಇಲ್ಲ. 1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣದ ವಂಶದ್ದೇ ಆದ, ಅದಕ್ಕಿಂತ ಬಹು ಶಕ್ತಿಶಾಲಿಯಾದ ಕಿರಣವನ್ನು ಗಡ್ಡೆಯಿರುವ ಜಾಗಕ್ಕೆ ಗುರಿಯಿಟ್ಟು ಹಾಯಿಸುತ್ತಾರೆ. ಮೇಜಿನ ಮೇಲೆ ಅಲುಗಾಡದೆ ಮಲಗಬೇಕು. ಯಂತ್ರ ಸುತ್ತ ತಿರುಗುತ್ತದೆ. ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಆ ಹೊತ್ತಿನಲ್ಲಿ ನೋವು, ಶಾಖ ಯಾವುದೂ ತಿಳಿಯುವುದಿಲ್ಲ. ನನಗೆ ದಿನಕ್ಕೆ 1.8 ಗ್ರೇ ಪ್ರಮಾಣದಂತೆ 28 ದಿನ, ಒಟ್ಟು 50.4 ಗ್ರೇ. ಒಂದೇ ಸಲಕ್ಕೆ ಕೊಡದೆ ಹೀಗೆ ಕಂತು ಕಂತಾಗಿ ಕೊಡುವುದಕ್ಕೆ ಕಾರಣವುಂಟು. ಕಂತುಗಳ ನಡುವಿನ ವಿರಾಮದಲ್ಲಿ ಆರೋಗ್ಯವಂತ ಜೀವಕೋಶಗಳು ತಮ್ಮನ್ನು ತಾವು ದುರಸ್ತಿ ಮಾಡಿಕೊಳ್ಳುತ್ತವೆ. ರೋಗದ ಕೋಶಗಳಿಗೆ ಆ ಸಾಮರ್ಥ್ಯ ಕಡಿಮೆ.

ಗುಳಿಗೆಯ ಹೆಸರು ಕ್ಯಾಪೆಸಿಟಾಬಿನ್. 1957ರಲ್ಲಿ ಅಮೆರಿಕದ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು ಲೋಕಕ್ಕೆ ತಿಳಿಸಿದ ಫ್ಲೂರೋಯುರಾಸಿಲ್ ಎಂಬ ಔಷಧಿಯನ್ನು ಇಂದಿಗೂ ರಕ್ತನಾಳದ ಮೂಲಕ ಕೊಡುತ್ತಾರೆ. ಕ್ಯಾಪೆಸಿಟಾಬಿನ್ ಗುಳಿಗೆಯು ನುಂಗಿದ ಮೇಲೆ ದೇಹದೊಳಗೆ ಅದೇ ಫ್ಲೂರೋಯುರಾಸಿಲ್ ಆಗಿ ಮಾರ್ಪಡುತ್ತದೆ. 1998ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮಾನ್ಯತೆ ದೊರೆಯಿತು. ಬೆಳಿಗ್ಗೆ, ರಾತ್ರಿ ಊಟವಾದ ಅರ್ಧ ಗಂಟೆಯೊಳಗೆ ನೀರಿನೊಡನೆ ನುಂಗಬೇಕು. ವಿಕಿರಣದ ಜೊತೆಗೆ ತೆಗೆದುಕೊಂಡಾಗ ಅದು ಗಡ್ಡೆಯ ಕೋಶಗಳನ್ನು ಕಿರಣಕ್ಕೆ ಇನ್ನಷ್ಟು ಬೇಗ ಮಣಿಯುವಂತೆ ಮಾಡುತ್ತದೆ. ಎಂದರೆ ನನ್ನ ಪಾಲಿಗೆ ಗುಳಿಗೆ ಮತ್ತು ಕರೆಂಟು ಒಂದೇ ನೊಗದ ಎರಡು ಎತ್ತುಗಳಾಗಿದ್ದವು. ಯಾವ ಎತ್ತು ಒಳ್ಳೆಯದೆಂದು ಕೇಳಿದರೆ ಉತ್ತರವಿಲ್ಲ.

ಆದರೂ ನಾವು ರೋಗಿಗಳು ಅದನ್ನೇ ಕೇಳಿಕೊಳ್ಳುತ್ತಿದ್ದೆವು. ಸೋಮವಾರ ನಸುಕಿನಲ್ಲಿ ಕೊಪ್ಪಳದಿಂದ ರೈಲು ಹಿಡಿದು, ಗದಗ, ಅಣ್ಣಿಗೇರಿ ದಾಟಿ ಹುಬ್ಬಳ್ಳಿ ಸೇರುವುದು. ಅಲ್ಲೊಂದು ಬಾಡಿಗೆ ಕೋಣೆಯಲ್ಲಿದ್ದು ಶುಕ್ರವಾರ ಸಂಜೆ ಭಾಗ್ಯನಗರಕ್ಕೆ ಮರಳುವುದು. ವಾರಕ್ಕೆ ಐದು ದಿನ ಆಸ್ಪತ್ರೆಯ ಅದೇ ಪಡಸಾಲೆ, ಅದೇ ಬೆಂಚು, ಅವೇ ಮುಖಗಳು. ಯಲಬುರ್ಗಾದ ರೈತರೊಬ್ಬರು, ಗಂಗಾವತಿಯ ಅಕ್ಕಿ ವ್ಯಾಪಾರಿ, ರೋಣದ ತಾಯಿಯೊಬ್ಬರು, ಹಾವೇರಿ ಕಡೆಯ ಒಬ್ಬ ಹುಡುಗ. “ನಿಮಗ ಎಷ್ಟು ದಿನ ಹೇಳ್ಯಾರ?” “ನಿಮಗ ಗುಳಿಗಿ ಅದಾವೋ, ಸಲೈನೋ?” “ಬಾಯಿ ಹುಣ್ಣಾಗೇತೇನು?” ಇದೇ ಮಾತು. ಕ್ಷೇಮಸಮಾಚಾರದ ಒಂದು ಹೊಸ ಪದ್ಧತಿಯೇ ಅಲ್ಲಿ ಹುಟ್ಟಿಕೊಂಡಿತ್ತು.

ಆ ಮಾತುಕತೆಯನ್ನು ನಾನು ಹಗುರವಾಗಿ ಕಾಣಲಾರೆ. ಅಲ್ಲಿ ಕಲಿತದ್ದು ಬಹಳ. ಹೊಟ್ಟೆಯ ಕೆಳಭಾಗಕ್ಕೆ ಕಿರಣ ಕೊಡುವಾಗ ಮೂತ್ರಕೋಶ ತುಂಬಿರಬೇಕೆಂದು, ಇಲ್ಲವಾದರೆ ಕರುಳು ಕೆಳಗಿಳಿದು ಕಿರಣಕ್ಕೆ ಸಿಗುತ್ತದೆಂದು ಸಿಬ್ಬಂದಿ ಹೇಳಿದ್ದರು. ಸರತಿ ಎಷ್ಟು ಹೊತ್ತಿಗೆ ಬರುತ್ತದೆಂದು ಅಂದಾಜು ಮಾಡಿ ಯಾವಾಗ ನೀರು ಕುಡಿಯಬೇಕೆಂಬುದನ್ನು ಕಲಿಸಿದವರು ಯಲಬುರ್ಗಾದ ಆ ರೈತರು. ಚರ್ಮದ ಮೇಲೆ ಹಾಕಿದ ಗುರುತು ಅಳಿಸದಂತೆ ಸ್ನಾನ ಮಾಡುವುದು, ಹತ್ತಿಯ ಸಡಿಲ ಬಟ್ಟೆ ತೊಡುವುದು, ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕುಳಿತು ಉರಿ ತಗ್ಗಿಸಿಕೊಳ್ಳುವುದು, ಇವನ್ನೆಲ್ಲ ಜೊತೆಗಾರರು ಹೇಳಿಕೊಟ್ಟರು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿಯಿದೆ, ಜೊತೆಗಾರನಿಗೆ ಮುಕ್ಕಾಲು ಪಾಲು ರಿಯಾಯಿತಿಯಿದೆ, ಅದಕ್ಕೆ ವೈದ್ಯರ ನಿಗದಿತ ಪ್ರಮಾಣಪತ್ರ ಬೇಕು ಎಂಬುದನ್ನೂ ನಾನು ತಿಳಿದದ್ದು ಆ ಬೆಂಚಿನ ಮೇಲೆಯೇ. ಬಡವರಿಗೆ ಇದು ಸಣ್ಣ ವಿಷಯವಲ್ಲ.

ಕೂದಲಿನ ವಿಷಯವನ್ನು ಹೇಳದೆ ಹೋದರೆ ನಾನು ಭಾಗ್ಯನಗರದವನೇ ಅಲ್ಲ. ನಮ್ಮೂರು ಕೈಮಗ್ಗಕ್ಕೆ ಹೇಗೋ ಹಾಗೆ ಕೂದಲ ಉದ್ಯಮಕ್ಕೂ ಹೆಸರಾದುದು. ಊರೂರು ತಿರುಗಿ ಸಂಗ್ರಹಿಸಿದ ಕೂದಲಿನ ಉಂಡೆಗಳನ್ನು ನಮ್ಮ ಹೆಣ್ಣುಮಕ್ಕಳು ಸಿಕ್ಕು ಬಿಡಿಸಿ, ಬಾಚಿ, ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ಕಟ್ಟುತ್ತಾರೆ; ಅದು ಪರದೇಶಗಳಿಗೆ ಹೋಗಿ ವಿಗ್ಗುಗಳಾಗುತ್ತದೆ. ಆ ಕೆಲಸ ಮಾಡುತ್ತಿದ್ದ ನಮ್ಮೋಣಿಯ ತಾಯಿಯೊಬ್ಬರಿಗೆ ಸ್ತನದ ಕ್ಯಾನ್ಸರ್ ಆಗಿ, ಸಲೈನಿನ ಮೂಲಕ ಕೊಡುವ ಕೀಮೋದಿಂದ ಕೂದಲು ಪೂರ್ತಿ ಉದುರಿತು. “ಜೀವನಪೂರ್ತಿ ಮಂದಿ ಕೂದಲ ಬಾಚೇನ್ರಿ ಮಾಸ್ತರ, ನನ್ನ ತಲ್ಯಾಗ ಒಂದೂ ಉಳೀಲಿಲ್ಲ” ಎಂದು ನಕ್ಕೇ ಹೇಳಿದರು. ಮುಂದೆ ವಿಕಿರಣವೆಂದಾಗ ಅವರು ಹಿಂಜರಿದದ್ದು ಮತ್ತೆ ಕೂದಲು ಹೋದೀತೆಂಬ ಭಯದಿಂದಲೇ. ಕಿರಣ ಬಿದ್ದ ಜಾಗದ ಕೂದಲು ಮಾತ್ರ ಉದುರುತ್ತದೆ, ಎದೆಗೆ ಕೊಡುವ ಕಿರಣದಿಂದ ತಲೆಗೂದಲು ಹೋಗುವುದಿಲ್ಲ ಎಂದು ತಿಳಿಸಿದವರು ಅದೇ ಚಿಕಿತ್ಸೆ ಮುಗಿಸಿ, ಬೆರಳುದ್ದ ಹೊಸ ಕೂದಲು ಬೆಳೆಸಿಕೊಂಡು ಬಂದಿದ್ದ ಇನ್ನೊಬ್ಬ ಹೆಣ್ಣುಮಗಳು. ಸೆರಗು ಸರಿಸಿ ತಲೆ ತೋರಿಸಿದಳಂತೆ. ಯಾವ ವೈದ್ಯರ ವಿವರಣೆಯೂ ಆ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಲಾರದು.

ಹಾಗಾದರೆ ಅನುಭವ ಹೋಲಿಸಿಕೊಳ್ಳುವುದರಲ್ಲಿ ದೋಷವೆಲ್ಲಿದೆ? ಇಲ್ಲಿಗೆ ನನ್ನ ತಪ್ಪಿನ ಕಥೆ ಬರುತ್ತದೆ.

ನನ್ನ ಜೊತೆ ಬಹುಕಾಲ ಕೆಲಸ ಮಾಡಿದ ದೈಹಿಕ ಶಿಕ್ಷಕರೊಬ್ಬರಿದ್ದರು. ನಿಮ್ಮಲ್ಲಿ ಅನೇಕರು ಅವರ ಸೀಟಿಗೆ ಹೆದರಿ ಸಾಲಿನಲ್ಲಿ ನಿಂತವರು. ಹೆಸರು ಹೇಳುವುದಿಲ್ಲ, ಬಲ್ಲವರು ಬಲ್ಲರು. ತಂಬಾಕಿನ ಚಟ ಅವರನ್ನು ಬಿಟ್ಟಿರಲಿಲ್ಲ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗ ಪಾನ್ ಮಸಾಲೆಯ ಚೀಟಿ, ತಂಬಾಕಿನ ಚೀಟಿ ಬೇರೆ ಬೇರೆ ಕೊಂಡು ಕೂಡಿಸಿಕೊಂಡು ಹಾಕುವುದನ್ನು ಕಲಿತರು. 2023ರಲ್ಲಿ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಎಂದಾಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಇನ್ನು ಆರು ವಾರ ವಿಕಿರಣ ಕೊಡಿಸಿಕೊಳ್ಳಬೇಕು, ತಡಮಾಡಬಾರದು ಎಂದು ವೈದ್ಯರು ಹೇಳಿದರು. ಅವರು ನನಗೆ ಫೋನು ಮಾಡಿ, “ಸರ, ಈ ಕರೆಂಟ್ ಹೆಂಗಿರತೈತ್ರಿ?” ಎಂದು ಕೇಳಿದರು.

ನಾನು ಕಂಡದ್ದನ್ನೇ ಹೇಳಿದೆ. ಕೊನೆಯ ಎರಡು ವಾರ ಕುಳಿತುಕೊಳ್ಳಲಾಗದ ಉರಿ, ಭೇದಿ, ಚಿಕಿತ್ಸೆ ಮುಗಿದ ಮೇಲೂ ಬಿಡದ ಆಯಾಸ, ಹುಬ್ಬಳ್ಳಿಯ ಕೋಣೆಯ ಬಾಡಿಗೆ, ಹೋಟೆಲಿನ ಊಟ, ಎಲ್ಲವನ್ನೂ ಬಣ್ಣಿಸಿದೆ. “ಗುಳಿಗಿ ಏನೂ ಅನ್ನಿಸಲಿಲ್ಲರಿ, ಮನಿಯಾಗ ಕುಂತು ತಗೊಂಡೆ, ಗುಳಿಗಿನ ಸರಳ” ಎಂದೂ ಹೇಳಿದೆ. ಸುಳ್ಳೇನೂ ಹೇಳಲಿಲ್ಲ. ಆದರೆ ಅವರ ರೋಗ ಯಾವುದು, ಅವರಿಗೆ ವಿಕಿರಣವನ್ನು ಏಕೆ ಹೇಳಿದ್ದಾರೆ ಎಂದು ನಾನು ಕೇಳಲಿಲ್ಲ. ಒಬ್ಬ ವಿದ್ಯಾರ್ಥಿ ಲೆಕ್ಕದ ದತ್ತಾಂಶವನ್ನೇ ಓದದೆ ಉತ್ತರ ಬರೆದರೆ ಸೊನ್ನೆ ಕೊಡುತ್ತಿದ್ದವನು ನಾನು!

ಅವರು ವಿಕಿರಣಕ್ಕೆ ಹೋಗಲಿಲ್ಲ. ಗುಳಿಗೆಯಲ್ಲೇ ಗುಣವಾಗುತ್ತದೆಂದು ಯಾರೋ ಹೇಳಿದ ಕಡೆ ಅಲೆದರು. ನಾಲ್ಕು ತಿಂಗಳಲ್ಲಿ ಗಡ್ಡೆ ಕುತ್ತಿಗೆಯಲ್ಲಿ ಮರಳಿ ಕಾಣಿಸಿಕೊಂಡಿತು. ಆಗ ವೈದ್ಯರು ನಿಜವಾಗಿಯೂ ಗುಳಿಗೆಗಳನ್ನೇ ಬರೆದುಕೊಟ್ಟರು: ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ದಿನವೂ ಸೆಲಿಕಾಕ್ಸಿಬ್. ಈ ಗುಳಿಗೆಗಳ ಬಗೆಗೆ ಆಮೇಲೆ ಓದಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ತಲೆ ಮತ್ತು ಕುತ್ತಿಗೆ ಭಾಗದ, ಗುಣಪಡಿಸಲಾಗದ ಹಂತದ ಕ್ಯಾನ್ಸರಿನ 422 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಸಿಸ್‌ಪ್ಲಾಟಿನ್ ಇಂಜೆಕ್ಷನ್ ಪಡೆದವರ ಜೀವಿತಾವಧಿಯ ಮಧ್ಯಾಂಕ 6.1 ತಿಂಗಳಾದರೆ, ಈ ಅಗ್ಗದ ಗುಳಿಗೆಗಳನ್ನು ಪಡೆದವರದು 7.5 ತಿಂಗಳು, ತೀವ್ರ ಅಡ್ಡಪರಿಣಾಮಗಳೂ ಕಡಿಮೆ. ನಮ್ಮ ದೇಶದ ಬಡ ರೋಗಿಗಳಿಗೆ ಅದೊಂದು ದೊಡ್ಡ ಉಪಕಾರವೇ ಸರಿ. ಆದರೆ ಗಮನಿಸಿ: ಅದು ತಿಂಗಳುಗಳ ಲೆಕ್ಕ. ಶಸ್ತ್ರಚಿಕಿತ್ಸೆಯ ಬೆನ್ನಿಗೇ ವಿಕಿರಣ ಕೊಡುವುದು ರೋಗ ಮರಳದಂತೆ ತಡೆಯಲು. ಅದು ವರ್ಷಗಳ ಲೆಕ್ಕ. ಎರಡೂ ಒಂದೇ ರೋಗಕ್ಕೆ ಕೊಡುವ ಚಿಕಿತ್ಸೆಗಳಾದರೂ ಉದ್ದೇಶ ಬೇರೆ.

ಆ ಗುಳಿಗೆಗಳು ಅವರಿಗೆ ಕೆಲವು ತಿಂಗಳು ನೆಮ್ಮದಿ ಕೊಟ್ಟವು. 2024ರಲ್ಲಿ ಅವರು ತೀರಿಕೊಂಡರು. ವಿಕಿರಣ ಪಡೆದಿದ್ದರೆ ಖಂಡಿತ ಉಳಿಯುತ್ತಿದ್ದರೆಂದು ಹೇಳಲು ನಾನು ಯಾರು? ರೋಗ ಆಗಲೂ ಮರಳಬಹುದಿತ್ತು. ಆದರೆ ಮಾತನಾಡಿಸಲು ಹೋದಾಗ ಅವರ ಮನೆಯವರು, “ನೀವು ಹೇಳಿದ ಮ್ಯಾಲ ಅವರು ನಿಶ್ಚಿಂತಿ ಆಗಿದ್ರು ಸರ” ಎಂದರು. ಆಕ್ಷೇಪಣೆಯಾಗಿ ಹೇಳಿದ ಮಾತಲ್ಲ ಅದು, ಕೃತಜ್ಞತೆಯಿಂದಲೇ ಹೇಳಿದರು. ಅದಕ್ಕಾಗಿಯೇ ಆ ಮಾತು ನನ್ನಿಂದ ಇನ್ನೂ ದೂರವಾಗಿಲ್ಲ.

ಅಂದಿನಿಂದ ಈ ಹೋಲಿಕೆಯ ವಿಚಾರವನ್ನು ಒಂದು ಲೆಕ್ಕದಂತೆ ಬಿಡಿಸಿ ನೋಡಿದ್ದೇನೆ. ನಮ್ಮ ಹೋಲಿಕೆ ದಾರಿತಪ್ಪುವುದು ಮುಖ್ಯವಾಗಿ ಮೂರು ಕಡೆ.

ಮೊದಲನೆಯದು ಹೆಸರಿನ ಗೊಂದಲ. ‘ಗುಳಿಗೆ’ ಎಂಬುದು ಒಂದೇ ಶಬ್ದ. ಅದರ ಕೆಳಗೆ ಬರುವ ವಸ್ತುಗಳು ಹಲವು. ಸ್ತನ ಕ್ಯಾನ್ಸರಿನವರು ವರ್ಷಗಟ್ಟಲೆ ನುಂಗುವ ಟ್ಯಾಮಾಕ್ಸಿಫೆನ್ ಕೀಮೋ ಅಲ್ಲ, ಅದು ಹಾರ್ಮೋನಿಗೆ ಸಂಬಂಧಿಸಿದ ಚಿಕಿತ್ಸೆ. ಒಂದು ಬಗೆಯ ರಕ್ತ ಕ್ಯಾನ್ಸರಿನ ರೂಪವನ್ನೇ ಬದಲಿಸಿದ ಇಮ್ಯಾಟಿನಿಬ್ ಇನ್ನೊಂದು ಜಾತಿಯದು. ನಾನು ನುಂಗಿದ ಕ್ಯಾಪೆಸಿಟಾಬಿನ್ ಮತ್ತೊಂದು. ‘ಕರೆಂಟು’ ಸಹ ಹಾಗೆಯೇ. ಎಲುಬಿನ ನೋವು ತಗ್ಗಿಸಲು ಒಂದೇ ದಿನ ಕೊಡುವುದುಂಟು. ಆರೇಳು ವಾರ ಕೊಡುವುದೂ ಉಂಟು. ನನ್ನ ವಿದ್ಯಾರ್ಥಿನಿಯ ಬಾಜೂ ಮನೆಯ ಅಕ್ಕನ ಗುಳಿಗೆ ಬಹುಶಃ ಹಾರ್ಮೋನಿನದೇ ಇರಬೇಕು. ಅದನ್ನು ವಿಕಿರಣದ ಎದುರು ತಕ್ಕಡಿಯಲ್ಲಿಡುವುದು ಜೋಳವನ್ನು ಮೀಟರಿನಲ್ಲಿ ಅಳೆದಂತೆ.

ಎರಡನೆಯದು ಮಾದರಿಯ ದೋಷ. ರೈಲಿನಲ್ಲಿ, ಪಡಸಾಲೆಯಲ್ಲಿ, ಜಾತ್ರೆಯಲ್ಲಿ ಸಿಕ್ಕು “ನಾನು ಅದನ್ನ ಬಿಟ್ಟೆ, ನನಗೇನೂ ಆಗಲಿಲ್ಲ” ಎನ್ನುವವರು ಬದುಕಿ ಉಳಿದವರು. ಬಿಟ್ಟು ತೀರಿಹೋದವರು ರೈಲು ಹತ್ತಿ ಬಂದು ಹೇಳುವುದಿಲ್ಲ. ಪರೀಕ್ಷೆಯಲ್ಲಿ ಪಾಸಾದವರನ್ನಷ್ಟೇ ಕರೆದು ಓದಿದಿರೋ ಇಲ್ಲವೋ ಎಂದು ಕೇಳಿ, ಓದದೆಯೂ ಪಾಸಾಗಬಹುದೆಂದು ತೀರ್ಮಾನಿಸಿದರೆ ಹೇಗೆ?

ಮೂರನೆಯದು ಸರಳವೆಂಬ ಶಬ್ದದ ಮೋಸ. ಗುಳಿಗೆ ಸರಳವೆಂದು ನಾನು ಹೇಳಿದ್ದೇ ಪೂರ್ತಿ ಸತ್ಯವಲ್ಲ. ಶಸ್ತ್ರಚಿಕಿತ್ಸೆಯ ನಂತರ 14 ದಿನ ಗುಳಿಗೆ, 7 ದಿನ ವಿರಾಮದಂತೆ ಸುತ್ತು ಸುತ್ತಾಗಿ ತೆಗೆದುಕೊಂಡೆ. ಮೂರನೆಯ ಸುತ್ತಿನ ಹೊತ್ತಿಗೆ ಅಂಗೈ, ಅಂಗಾಲು ಕೆಂಪಾಗಿ ಸುಲಿಯತೊಡಗಿದವು. ಚಪ್ಪಲಿ ಹಾಕಿದರೆ ಉರಿ, ರೊಟ್ಟಿ ಮುರಿದರೆ ಉರಿ. ಆ ನವೆಂಬರಿನಲ್ಲಿ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಲು ಹೋದರೆ ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ. ಹತ್ತು ಬೆರಳನ್ನೂ ಒತ್ತಿದೆ, ಒಂದೂ ಒಪ್ಪಲಿಲ್ಲ. ನಾನು ಬದುಕಿದ್ದೇನೆಂದು ಬಾಯಿಂದ ಹೇಳುತ್ತಿದ್ದೆ, ಯಂತ್ರ ಇಲ್ಲವೆನ್ನುತ್ತಿತ್ತು! ಕೊನೆಗೆ ಕಾಗದದ ಅರ್ಜಿ ಕೊಟ್ಟು ಬಂದೆ. ಇದು ನನ್ನೊಬ್ಬನ ಕಥೆಯಲ್ಲ. ಇದೇ ಗುಳಿಗೆ ನುಂಗುತ್ತಿದ್ದ ಸಿಂಗಪುರದ 62 ವರ್ಷದ ಒಬ್ಬರನ್ನು 2008ರ ಡಿಸೆಂಬರಿನಲ್ಲಿ ಬೆರಳಚ್ಚು ಮೂಡಲಿಲ್ಲವೆಂದು ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಾಲ್ಕು ತಾಸು ತಡೆದಿದ್ದರು; ಅವರ ವೈದ್ಯರು ಮರುವರ್ಷ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ರೇಷನ್ನಿಗೂ ಪಿಂಚಣಿಗೂ ಹೆಬ್ಬೆರಳು ಕೇಳುವ ನಮ್ಮ ದೇಶದಲ್ಲಿ ಈ ಗುಳಿಗೆ ಬರೆದುಕೊಡುವಾಗ ಈ ಮಾತನ್ನೂ ಹೇಳಿಕಳಿಸಬೇಕು.

ಗುಳಿಗೆಯಲ್ಲಿ ಇನ್ನೊಂದು ಅಪಾಯವಿದೆ. ವಿಕಿರಣಕ್ಕೆ ಹೋದವನನ್ನು ದಿನವೂ ಒಬ್ಬರು ನೋಡುತ್ತಾರೆ. ಗುಳಿಗೆಯವನು ಮನೆಯಲ್ಲಿರುತ್ತಾನೆ, ಅವನನ್ನು ನೋಡುವವರಿಲ್ಲ. ನನಗೆ ಒಮ್ಮೆ ದಿನಕ್ಕೆ ಏಳೆಂಟು ಸಲ ಭೇದಿಯಾದರೂ “ಕೋರ್ಸು ತಪ್ಪಿಸಬಾರದು” ಎಂದು ಹಟದಿಂದ ಎರಡು ದಿನ ನುಂಗಿದೆ. ವೈದ್ಯರಿಗೆ ತಿಳಿದಾಗ ಬೈದರು. ಅಂಥ ಹೊತ್ತಿನಲ್ಲಿ ಗುಳಿಗೆ ನಿಲ್ಲಿಸಿ ಕೂಡಲೇ ಕೇಳುವುದೇ ಶಿಸ್ತು. ಕೆಲವರ ದೇಹದಲ್ಲಿ ಈ ಔಷಧಿಯನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುತ್ತದೆ. ಅಂಥವರಿಗೆ ಇದು ಪ್ರಾಣಕ್ಕೇ ಎರವಾಗಬಹುದು. ಬಂಧುಗಳು ಪ್ರೀತಿಯಿಂದ ತಂದುಕೊಟ್ಟ ಶಕ್ತಿವರ್ಧಕ ಗುಳಿಗೆಗಳನ್ನೂ ವೈದ್ಯರಿಗೆ ತೋರಿಸಬೇಕು. ಅವುಗಳಲ್ಲಿರುವ ಫೋಲಿಕ್ ಆಮ್ಲವು ಹೆಚ್ಚಿನ ಪ್ರಮಾಣದಲ್ಲಿದ್ದರೆ ಕ್ಯಾಪೆಸಿಟಾಬಿನ್‌ನ ವಿಷವನ್ನು ಏರಿಸುತ್ತದೆ. ಮೊದಲೇ ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುವವರಂತೂ ಅದನ್ನು ಹೇಳಲೇಬೇಕು.

ಇದನ್ನೆಲ್ಲ ಓದಿ ಕೆಲವರು, “ಹಾಗಾದರೆ ರೋಗಿಗಳು ಬಾಯಿ ಮುಚ್ಚಿಕೊಂಡು ವೈದ್ಯರು ಹೇಳಿದಂತೆ ಕೇಳಿದರೆ ಸಾಕಲ್ಲ” ಎನ್ನಬಹುದು. ವೈದ್ಯರಾಗಿರುವ ನನ್ನ ಶಿಷ್ಯನೊಬ್ಬ ಹಾಗೆಯೇ ಅಂದ. ನಾನು ಒಪ್ಪುವುದಿಲ್ಲ. ರೋಗಿಗಳು ಪರಸ್ಪರ ಕೇಳುವುದು ಕೇಳುವ ಚಪಲದಿಂದಲ್ಲ. ಹೊರರೋಗಿ ವಿಭಾಗದಲ್ಲಿ ನೂರು ಜನರ ಸರತಿ, ಒಬ್ಬರಿಗೆ ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಇಂಗ್ಲಿಷಿನ ನಾಲ್ಕು ಶಬ್ದ ಕಿವಿಗೆ ಬೀಳುತ್ತವೆ. ಒಪ್ಪಿಗೆ ಪತ್ರದ ಮೇಲೆ ರುಜು ಮಾಡಿದವನಿಗೆ ತಾನು ಯಾವುದಕ್ಕೆ ಒಪ್ಪಿದೆನೆಂಬುದೇ ತಿಳಿದಿರುವುದಿಲ್ಲ. ಉಳಿದದ್ದನ್ನು ಅವನು ಬೆಂಚಿನ ಮೇಲಿನವರಲ್ಲದೆ ಯಾರನ್ನು ಕೇಳಬೇಕು?

ಮಾತ್ರವಲ್ಲ, ರೋಗಿಯ ಅನುಭವಕ್ಕೆ ಬೆಲೆಯಿದೆಯೆಂಬುದನ್ನು ವಿಜ್ಞಾನವೇ ತೋರಿಸಿದೆ. ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ 766 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ತಮಗೆ ಏನಾಗುತ್ತಿದೆ ಎಂಬುದನ್ನು ಕೀಮೋದ ಅವಧಿಯುದ್ದಕ್ಕೂ ನಿಯಮಿತವಾಗಿ ಆಸ್ಪತ್ರೆಗೆ ತಿಳಿಸುತ್ತಿದ್ದವರ ಜೀವಿತಾವಧಿಯ ಮಧ್ಯಾಂಕ 31.2 ತಿಂಗಳು, ಎಂದಿನ ಕ್ರಮದಲ್ಲಿದ್ದವರದು 26 ತಿಂಗಳು. ಹೊಸ ಔಷಧಿಯೇನೂ ಕೊಟ್ಟಿರಲಿಲ್ಲ. ರೋಗಿ ಹೇಳಿದ, ಕೇಳುವವರು ಕೇಳಿದರು, ಅಷ್ಟೇ. ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಷ್ಟಗಳನ್ನು ವೈದ್ಯರಿಗೂ ಹೇಳಿದರೆ ಎಷ್ಟು ಲಾಭವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಅನುಭವ ಹೋಲಿಸುವುದು ತಪ್ಪಲ್ಲ. ಆ ಹೋಲಿಕೆಯನ್ನೇ ತೀರ್ಪು ಮಾಡಿಕೊಳ್ಳುವುದು ತಪ್ಪು. ಹೋಲಿಕೆಯಿಂದ ಹುಟ್ಟಿದ ಪ್ರಶ್ನೆ ವೈದ್ಯರ ಮೇಜಿನ ತನಕ ಹೋಗಬೇಕು. ಬೆಂಚಿನ ಮೇಲೆಯೇ ಉತ್ತರವಾಗಿ ಮುಗಿಯಬಾರದು.

ಸರಕಾರದವರಿಗೂ ಒಂದು ಮಾತು. ನನ್ನ ಸಹೋದ್ಯೋಗಿ ವಿಕಿರಣವನ್ನು ಬಿಟ್ಟದ್ದು ಉರಿಗೆ ಹೆದರಿ ಮಾತ್ರವಲ್ಲ. ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ ಆರು ವಾರ ಇರುವುದು ಹೇಗೆಂದೂ ಹೆದರಿದ್ದರು. ನಮ್ಮ ಕಡೆಯವರು ಹುಬ್ಬಳ್ಳಿಗೆ ಹೋಗುತ್ತಾರೆ, ಕಲಬುರಗಿಗೆ ಹೋಗುತ್ತಾರೆ, ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣಿಸಿ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೂ ಹೋಗುತ್ತಾರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಭರಿಸುತ್ತದೆ. ಅದು ದೊಡ್ಡ ಉಪಕಾರ. ಆದರೆ ಕೋಣೆಯ ಬಾಡಿಗೆ, ಜೊತೆಗಿರುವವರ ಕೂಲಿನಷ್ಟ, ಊಟ, ಇವು ಬಡವನ ತಲೆಯ ಮೇಲೆಯೇ ಉಳಿಯುತ್ತವೆ.

2025ರ ಕೇಂದ್ರ ಮುಂಗಡಪತ್ರದಲ್ಲಿ ಮೂರು ವರ್ಷಗಳೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಆರೈಕೆಯ ಕ್ಯಾನ್ಸರ್ ಕೇಂದ್ರಗಳನ್ನು ತೆರೆಯುವುದಾಗಿ ಘೋಷಿಸಿದರು. ಸಂತೋಷ. ಆದರೆ ಗುಳಿಗೆ, ಸಲೈನು ಮನೆಯ ಹತ್ತಿರ ಬಂದು ವಿಕಿರಣ ಮಾತ್ರ ದೂರವೇ ಉಳಿದರೆ, ಜನ ರೋಗಕ್ಕೆ ತಕ್ಕ ಚಿಕಿತ್ಸೆಯನ್ನು ಬಿಟ್ಟು ಬಸ್ಸಿಗೆ ತಕ್ಕ ಚಿಕಿತ್ಸೆಯನ್ನು ಆರಿಸಿಕೊಳ್ಳುತ್ತಾರೆ. ವಿಕಿರಣದ ಯಂತ್ರವನ್ನು ತಾಲ್ಲೂಕಿಗೊಂದು ಇಡಲಾಗದೆಂಬುದು ನನಗೂ ಗೊತ್ತು. ಅದಕ್ಕೆ ದಪ್ಪ ಗೋಡೆಯ ಕೋಣೆ, ತಜ್ಞ ವೈದ್ಯರು, ಭೌತವಿಜ್ಞಾನಿ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಆದರೆ ಯಂತ್ರವಿರುವಲ್ಲೆಲ್ಲ ರೋಗಿ ಮತ್ತು ಜೊತೆಗಾರರಿಗೆ ವಸತಿ, ಊಟ ಒದಗಿಸುವುದು, ಚಿಕಿತ್ಸೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ತರಬೇತಿ ಪಡೆದ ಒಬ್ಬ ವ್ಯಕ್ತಿಯನ್ನು ಕೂರಿಸುವುದು ಅಷ್ಟೇನು ಅಸಾಧ್ಯ? 371(ಜೆ) ವಿಧಿಯ ಹೆಸರಿನಲ್ಲಿ ಕಲ್ಯಾಣ ಕರ್ನಾಟಕಕ್ಕೆ ಬರುವ ಹಣದಲ್ಲಿ ಇದಕ್ಕೊಂದು ಪಾಲು ಸಿಗಲೆಂದು ಕೇಳುವುದು ಅತಿಯಾಸೆಯಲ್ಲ. ಧರ್ಮಶಾಲೆ ಕಟ್ಟಿಸುವುದು, ಅನ್ನ ದಾಸೋಹ ನಡೆಸುವುದು ನಮ್ಮ ನಾಡಿಗೆ ಹೊಸದೇ? ಗವಿಮಠದ ಜಾತ್ರೆಯಲ್ಲಿ ಲಕ್ಷ ಲಕ್ಷ ಜನಕ್ಕೆ ರೊಟ್ಟಿ ಹೊರುವ ಜನ ನಾವು.

ವಿಜ್ಞಾನವೂ ದೂರವನ್ನು ತಗ್ಗಿಸುತ್ತಿದೆ. ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನಗಳ ಫಲವಾಗಿ ಸ್ತನ ಕ್ಯಾನ್ಸರಿನ ಐದು ವಾರಗಳ ವಿಕಿರಣ ಹಲವರಲ್ಲಿ ಮೂರು ವಾರಕ್ಕೆ ಇಳಿದಿದೆ. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಆರಂಭದ ಹಂತದ ಆಯ್ದ ರೋಗಿಗಳಿಗೆ ಐದೇ ದಿನ ಸಾಕೆಂದು ತೋರಿಸಿದೆ. ಗುದನಾಳದ ಕ್ಯಾನ್ಸರಿಗೂ ಐದು ದಿನದ ಕ್ರಮವೊಂದಿದೆ. ನನಗೆ ಅದು ಆಗ ತಿಳಿದಿರಲಿಲ್ಲ. ಆಮೇಲೆ ವೈದ್ಯರನ್ನು ಕೇಳಿದಾಗ, ನನ್ನ ಗಡ್ಡೆಯಿದ್ದ ಸ್ಥಳಕ್ಕೆ ದೀರ್ಘ ಕ್ರಮವನ್ನೇ ಏಕೆ ಆರಿಸಿದರೆಂದು ಚಿತ್ರ ಬರೆದು ವಿವರಿಸಿದರು. ಕೇಳಿದ್ದಕ್ಕೆ ಸಿಡುಕಲಿಲ್ಲ. ಮೊದಲೇ ಕೇಳಬೇಕಿತ್ತೆನ್ನಿಸಿತು.

ಇನ್ನು ನನ್ನ ವಿದ್ಯಾರ್ಥಿನಿಗೆ ಕೊಟ್ಟ ಉತ್ತರ. “ಯಾವುದು ಚಲೋ ಅನ್ನೂದು ನಾ ಹೇಳೂದಿಲ್ಲವ್ವ. ಒಂದು ಹಾಳಿ ತಗೊಂಡು ನಾಲ್ಕು ಪ್ರಶ್ನಿ ಬರಕೋ” ಎಂದೆ. ಒಂದು, ಈ ಚಿಕಿತ್ಸೆ ರೋಗ ಗುಣಪಡಿಸಲೋ, ಮರಳದಂತೆ ತಡೆಯಲೋ, ನೋವು ತಗ್ಗಿಸಲೋ? ಎರಡು, ಇದನ್ನು ಬಿಟ್ಟರೆ ಏನಾದೀತು? ಮೂರು, ಇದರ ಬದಲು ಬೇರೆ ದಾರಿ, ಅಥವಾ ಕಡಿಮೆ ದಿನದ ಕ್ರಮ ಅತ್ತೆಯವರಿಗೆ ಹೊಂದುತ್ತದೆಯೇ? ನಾಲ್ಕು, ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು, ಯಾರಿಗೆ ಫೋನು ಮಾಡಬೇಕು? ಶಾಲೆಯಲ್ಲಿ ಬರೆದುಕೊಂಡಂತೆಯೇ ಬರೆದುಕೊಂಡಳು. ಪೆನ್ನಿನ ಸಪ್ಪಳ ಫೋನಿನಲ್ಲಿ ಕೇಳುತ್ತಿತ್ತು.

ಹತ್ತು ದಿನದ ಮೇಲೆ ಮತ್ತೆ ಮಾತಾಡಿದಳು. ರೋಗ ಮರಳದಂತೆ ತಡೆಯಲು ವಿಕಿರಣ ಅಗತ್ಯವೆಂದು, ಮೂರು ವಾರ ಸಾಕೆಂದು ವೈದ್ಯರು ಹೇಳಿದರಂತೆ. ಗುಳಿಗೆ ಆಮೇಲೆ ಬೇರೆಯೇ ಇದೆಯಂತೆ. 2023ರ ಜೂನಿನಿಂದ ಮಹಿಳೆಯರಿಗೆ ಸರಕಾರಿ ಬಸ್ಸು ಉಚಿತವಾದ್ದರಿಂದ ಅತ್ತೆ ಸೊಸೆಯರ ಪ್ರಯಾಣದ ಖರ್ಚು ಉಳಿದಿದೆ. ಅತ್ತೆಯವರಿಗೆ ಇನ್ನೂ ಭಯವಿದೆ. ನಮ್ಮೋಣಿಯ ಕೂದಲು ಬಾಚುವ ತಾಯಿಯ ನಂಬರು ಕೊಟ್ಟಿದ್ದೇನೆ. ಅವರು ಭಯದ ವಿಷಯ ಮಾತಾಡಿಕೊಳ್ಳಲಿ, ಉರಿಗೆ ಏನು ಹಚ್ಚಿದಿರಿ, ಏನು ಉಂಡಿರಿ, ಬಸ್ಸಿನಲ್ಲಿ ಹೇಗೆ ಕುಳಿತಿರಿ ಎಂದು ಮಾತಾಡಿಕೊಳ್ಳಲಿ. ಅದಕ್ಕೆ ಅವರಿಗಿಂತ ಬಲ್ಲವರಿಲ್ಲ.

ನನ್ನ ಗೆಳೆಯರಿಗೆ ಅಂದು ನಾನು ಈ ನಾಲ್ಕು ಪ್ರಶ್ನೆಗಳನ್ನು ಕೊಡಲಿಲ್ಲ, ಉತ್ತರ ಕೊಟ್ಟೆ. ನಿಮ್ಮಲ್ಲಿ ಯಾರಿಗಾದರೂ, ನಿಮ್ಮವರಲ್ಲಿ ಯಾರಿಗಾದರೂ ಇಂಥ ಸಂದರ್ಭ ಬಂದರೆ ನನಗೆ ಅವಶ್ಯವಾಗಿ ಫೋನು ಮಾಡಿ. ಗಂಟೆಗಟ್ಟಲೆ ಮಾತಾಡೋಣ. ಯಾವುದು ಒಳ್ಳೆಯದೆಂದು ಮಾತ್ರ ಕೇಳಬೇಡಿ.